ಕೋಲ್ಡ್ ಸ್ಟೋರೇಜಿನ ಕೆಮಿಸ್ಟ್ರಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಕಿರೀಟದ ಬದಲು ಅವನ ತಲೆಯ ಮೇಲೆ ಬಿಳಿ ಟೋಪಿ ಇತ್ತು, ಸಿಂಹಾಸನದ ಬದಲು ದಲಾಲಿ ಅಂಗಡಿಯ ಗಾದಿ ಇತ್ತು. ಅವನ ಖಜಾನೆಯಲ್ಲಿ ಮುತ್ತು ರತ್ನ ಇರಲಿಲ್ಲ. ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿ ಇತ್ತು. ರಾಜನಿಗೆ ಒಬ್ಬನೇ ಮಗ. ಮಗನಿಗೊಂದು ಶಾಪ. ಓದಿದ್ದೆಲ್ಲ ತಲೆಯೊಳಗೆ ಬಂದು ಕೂರುತ್ತಿತ್ತು, ಪರೀಕ್ಷೆಯ ಕೋಣೆ ಕಂಡ ಕೂಡಲೇ ಎದ್ದು ಹೊರಟುಬಿಡುತ್ತಿತ್ತು. ಶಾಪ ಬಿಡಿಸಲು ಏಳು ಸಮುದ್ರದ ಆಚೆಯಿಂದ ಯಾರೂ ಬರಲಿಲ್ಲ. ರಾಣೇಬೆನ್ನೂರಿನಿಂದ ಬೆಳಗಿನ ಬಸ್ಸು ಹಿಡಿದು ಸುರೇಖಾ ಬಂದಳು.

ಊರು ಬ್ಯಾಡಗಿ. ರಾಜನ ಹೆಸರು ಮಲ್ಲೇಶಪ್ಪ, ರಾಜಕುಮಾರನ ಹೆಸರು ಮಧು. ಸುರೇಖಾ ಅಲ್ಲಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಜೂನ್ ತಿಂಗಳಲ್ಲೂ ಕೆಲಸ ಉಳಿಯಿತೋ ಹೋಯಿತೋ ಎಂದು ಕಾಯುವುದೇ ಅವಳ ಬಾಳಾಗಿತ್ತು. ಹಾವೇರಿಯಲ್ಲಿದ್ದ ಸೋದರತ್ತೆ ಫೋನು ಮಾಡಿದಾಗಲೆಲ್ಲ, "ಈ ಸಲರೆ ನೌಕರಿ ಗಟ್ಟಿ ಆತೇನವಾ? ಇಲ್ಲಾಂದ್ರ ನಮ್ಮ ಏಲಕ್ಕಿ ಹಾರದ ಅಂಗಡ್ಯಾಗ ಪೋಣಿಸಾಕ ಕುಂದರ ಬಾ," ಎನ್ನುತ್ತಿದ್ದಳು. ಸುರೇಖಾಳಿಗೆ ಏಲಕ್ಕಿಯ ವಾಸನೆಗೆ ತಲೆನೋವು ಬರುತ್ತಿತ್ತು.

ಅವಳ ವಿದ್ಯಾರ್ಥಿ ಮಧು ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಪಾಸೇನೋ ಆಗಿದ್ದ. ಆದರೆ ಉಳಿದ ಅಂಕಗಳ ನಡುವೆ ಕೆಮಿಸ್ಟ್ರಿಯ ಅಂಕ ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡು ನಿಂತ ಬೀಗರಂತೆ ಕಾಣುತ್ತಿತ್ತು. ಅದನ್ನು ಸುಧಾರಿಸಿಕೊಳ್ಳಲು ಎರಡನೇ ಪರೀಕ್ಷೆ ಇತ್ತು, ಅದು ನಾಳೆ. ಅವನು ಪೂರ್ತಿ ಕೈಬಿಟ್ಟದ್ದು ಒಂದೇ ಪಾಠ: ರಾಸಾಯನಿಕ ಕ್ರಿಯೆಗಳ ವೇಗದ ಪಾಠ.

ಮಲ್ಲೇಶಪ್ಪ ಕಾಲೇಜಿನ ಕಮಿಟಿಯ ಚೇರ್ಮನ್ನನೂ ಹೌದು. ಕಳೆದ ವಾರ ಸುರೇಖಾಳನ್ನು ಕರೆಸಿ, "ಮೇಡಂ, ಆ ಒಂದು ಪಾಠ ಮೊದಲಿಂದ ಕಡೀತನಕ ಅವನ ಬಾಯಿಂದ ನನಗ ಕೇಳಸ್ರಿ. ಜೂನಿಗೆ ನಿಮ್ಮ ನೌಕರಿ ಖಾಯಂ," ಅಂದಿದ್ದ.

"ಪರೀಕ್ಷಾದ ಹಿಂದಿನ ದಿನ ಸಂಜೀಕ ಕೇಳಸ್ತೇನ್ರಿ," ಎಂದು ಅವಳು ಮಾತು ಕೊಟ್ಟಿದ್ದಳು.

ಆ ದಿನ ಬಂದಿತ್ತು. ಮತ್ತು ಆ ದಿನವನ್ನು ಕೆಡಿಸುವ ಕೆಲಸವನ್ನು ಸುರೇಖಾ ಬಹಳ ಹಿಂದೆಯೇ ಮಾಡಿಟ್ಟಿದ್ದಳು. ಕ್ಲಾಸಿನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಳು.

"ಮೆಣಸಿನಕಾಯಿ ಕೆಂಪು ಬಿಸಿಲಾಗ ಲಗೂ ಮಾಸ್ತೈತಿ, ಕೋಲ್ಡ್ ಸ್ಟೋರೇಜಿನಾಗ ಮಾಸೂದಿಲ್ಲ. ಯಾಕ? ಥಂಡ್ಯಾಗ ಕ್ರಿಯಾ ಮೆಲ್ಲಕ ನಡೀತೈತಿ." ಇಷ್ಟೇ ಹೇಳಿದ್ದು. ಮಧು ಇಡೀ ವರ್ಷದಲ್ಲಿ ನೆನಪಿಟ್ಟುಕೊಂಡು ಮನೆಗೆ ಒಯ್ದ ಕೆಮಿಸ್ಟ್ರಿ ಅದೊಂದೇ.

ಮೇ ತಿಂಗಳ ಬೆಳಗು. ಬಿಸಿಲು ಆಗಲೇ ತವೆಯಂತೆ ಕಾಯ್ದಿತ್ತು. ಸುರೇಖಾ ಮಲ್ಲೇಶಪ್ಪನ ಮನೆಯ ಪಡಸಾಲೆಗೆ ಕಾಲಿಟ್ಟಾಗ ಮಧು ಕರೀ ಕಂಬಳಿ ಹೊದ್ದು, ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು, ಬೆವರು ಸುರಿಸುತ್ತ ಕುಳಿತಿದ್ದ.

"ಜ್ವರ ಬಂದಾವೇನ್ರಿ ಇವಗ?" ಸುರೇಖಾ ಗಾಬರಿಯಾದಳು.

"ಜ್ವರ ಅಲ್ರಿ, ತಯಾರಿ," ಅಂದ ಮಲ್ಲೇಶಪ್ಪ. "ಚಾ ಕುಡಿರಿ. ಆಮ್ಯಾಲೆ ಇಬ್ಬರೂ ನಮ್ಮ ಕೋಲ್ಡ್ ಸ್ಟೋರೇಜಿಗೆ ಹೋಗ್ರಿ. ಇವತ್ತಿನ ಓದು ಅಲ್ಲೇ."

"ಅಲ್ಲಿ ಯಾಕ್ರಿ?"

"ನೀವ ಹೇಳೀರಲ್ಲ. ಬಿಸಲಾಗ ಲಗೂ ಹೋಗ್ತೈತಿ, ಥಂಡ್ಯಾಗ ಉಳೀತೈತಿ ಅಂತ."

"ಅದು ಮೆಣಸಿನಕಾಯಿ ಬಣ್ಣದ ಮಾತ್ರಿ."

"ಬಣ್ಣ ಹೋದ್ರೇನು, ಓದಿದ್ದು ಹೋದ್ರೇನು, ಹೋಗೂದು ಹೋಗೂದ ಅಲ್ಲೇನ್ರಿ?" ಮಲ್ಲೇಶಪ್ಪ ಮಗನ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದ. "ಇಂವ ಚೈತ್ರದಾಗ ಓದಿದ್ದು ವೈಶಾಖಕ್ಕ ಇಲ್ಲ. ನಾ ಹಳೇ ಮಾಲನ್ನ ಎರಡ ವರ್ಷ ಇಟ್ಟು ಹೊಸಾದ್ರಂಗ ಮಾರೇನಿ. ಒಂದ ರಾತ್ರಿ ಮಟ್ಟಿಗೆ ಒಂದು ಪಾಠ ಉಳಸಾಕ ಆಗೂದಿಲ್ಲೇನು?"

ಇಲ್ಲ ಎನ್ನಲು ಸುರೇಖಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ತಲೆಯೊಳಗೊಂದು ಪ್ರಶ್ನೆ ಬಾಲ ಎತ್ತಿ ನಿಂತಿತು. ಇದನ್ನು ಯಾರಾದರೂ ಪ್ರಯೋಗ ಮಾಡಿ ನೋಡಿದ್ದಾರೆಯೇ? ಚಳಿಯಲ್ಲಿ ಕಲಿತದ್ದು ನಿಜವಾಗಿಯೂ ಉಳಿಯುತ್ತದೆಯೇ? ಬಾಯಿ ಹಾಗೆಯೇ ಮುಚ್ಚಿತು. ಅವಳ ಕಷ್ಟಗಳೆಲ್ಲ ಹುಟ್ಟುತ್ತಿದ್ದುದೇ ಹೀಗೆ.

ಮಧುವಿನ ತಾಯಿ ಅರುಣಾ ಒಳಗಿನಿಂದ ಒಂದು ದೊಡ್ಡ ಸ್ವೆಟರ್ ತಂದಳು. "ಹಾಕ್ಕೋರಿ ಮೇಡಂ. ನಮ್ಮ ಮಾವನವ್ರದು. ಅವರು ಹೋದಮ್ಯಾಲೆ ಯಾರೂ ಹಾಕ್ಕೊಂಡಿಲ್ಲ."

ಸ್ವೆಟರಿನ ತೋಳು ಸುರೇಖಾಳ ಬೆರಳು ದಾಟಿ ಜೋತಾಡಿತು. ಮಲ್ಲೇಶಪ್ಪ ಪೇಟೆಯಲ್ಲಿ ಮಾಲಿಗೆ ಬೆಲೆ ಕಟ್ಟುವ ಟೆಂಡರಿಗೆ ಹೊರಟ. "ಸಂಜೀಕ ಬರ್ತೇನಿ. ಪಾಠ ಕೇಳ್ತೇನಿ," ಅಂದು ಚಪ್ಪಲಿ ಮೆಟ್ಟಿದ.

ಕೋಲ್ಡ್ ಸ್ಟೋರೇಜು ಊರ ಹೊರಗೆ, ಮೆಣಸಿನಕಾಯಿ ಒಣಹಾಕುವ ಕಣದ ಪಕ್ಕದಲ್ಲಿತ್ತು. ಕಿಟಕಿಯೇ ಇಲ್ಲದ ಆ ಕಟ್ಟಡವನ್ನು ಹೊರಗಿನಿಂದ ನೋಡಿದಾಗ, ಅಜ್ಜಿಯರು ಹೇಳುವ ಕಥೆಯ ರಾಕ್ಷಸ ಚಳಿಗಾಲವನ್ನು ಹಿಡಿದು ತಂದು ಇಲ್ಲಿಯೇ ಕೂಡಿಹಾಕಿರಬೇಕು ಎಂದು ಸುರೇಖಾಳಿಗೆ ಅನಿಸಿತು. ಆ ಚಳಿಗಾಲಕ್ಕೆ ಕಾವಲು ಚಮನಸಾಬ. ಮಷೀನು ನೋಡುವವನೂ ಅವನೇ, ಬಾಗಿಲು ತೆಗೆಯುವವನೂ ಅವನೇ.

"ಲಗೂ ಒಳಗ ಹೋಗ್ರಿ ಮೇಡಂ, ಬಾಗಲಾ ಹಾಕಬೇಕು," ಅಂದ. "ಈ ಬಾಗಲಾ ತಗದಷ್ಟೂ ನನ್ನ ಆಯುಷ್ಯ ಕಡಿಮಿ ಆದಂಗ ಆಗ್ತೈತಿ. ಎಲ್ಲಾರ ಮಾಲು ಒಳಗೈತಿ."

ಒಳಗೆ ಸೂರಿನ ತನಕ ಚೀಲಗಳು. ಉಸಿರು ಬಿಟ್ಟರೆ ಹೊಗೆ. ಎರಡು ಚೀಲಗಳ ಮೇಲೆ ಇಬ್ಬರೂ ಎದುರುಬದುರು ಕೂತರು. ಚಳಿ ಹಲ್ಲನ್ನು ಹಿಡಿಯಿತು, ಘಾಟು ಮೂಗನ್ನು ಹಿಡಿಯಿತು.

"ಹೇಳು ಮಧು. ಕ್ರಿಯೆಯ ವೇಗ ಅಂದ್ರೇನು?"

"ವೇ... ವೇ... ವೇಗ ಅಂದ್ರ... ಅಕ್ಷೀ."

"ಸಮಾಧಾನದಿಂದ ಹೇಳು. ಅಕ್ಷೀ."

ಒಂದು ತಾಸು ಹೀಗೆಯೇ ಹೋಯಿತು. ವೇಗದ ವ್ಯಾಖ್ಯೆ ಮುಗಿಯಲಿಲ್ಲ. ಕೊನೆಗೆ ಮಧು ಕಂಬಳಿಯೊಳಗಿನಿಂದ ಮುಖ ಹೊರಗೆ ಹಾಕಿ, "ಮೇಡಂ, ಥಂಡ್ಯಾಗ ಎಲ್ಲಾ ಮೆಲ್ಲಕ ನಡೀತೈತಿ ಅಂದಿದ್ರಿ. ಹೊರಗ ಹೋಗೂದು ಮೆಲ್ಲಕ ಆದ್ರ ಒಳಗ ಬರೂದೂ ಮೆಲ್ಲಕ ಆಗಬೇಕಲ್ರಿ?" ಅಂದ.

ಸುರೇಖಾ ಅವನನ್ನು ನೋಡುತ್ತಲೇ ಕುಳಿತಳು. ಈ ಹುಡುಗ ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ ಹೇಳಬೇಕು ಎನ್ನುವಷ್ಟರಲ್ಲಿ ಬಾಗಿಲು ದಡದಡ ಬಡಿಯಿತು.

ಬಂದವಳು ಮಲ್ಲೇಶಪ್ಪನ ಪಕ್ಕದ ಮನೆಯ ಮರಿಯವ್ವ. ಹಿಂದೆ ಅವಳ ಗಂಡ ಹಾಲೇಶಪ್ಪ, ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು.

"ಯವ್ವಾ, ಇಲ್ಲಿ ನೆನಪು ಕೆಡದಂಗ ಇಡ್ತಾರಂತ. ಅರುಣಾ ಹೇಳಿದ್ಲು," ಅಂದಳು ಮರಿಯವ್ವ. "ಇವರನ್ನೂ ಒಂದು ತಾಸು ಕುಂದರಿಸ್ಕೋ. ಚಷ್ಮಾ ಎಲ್ಲೈತಿ ಅಂತ ಕೇಳ್ತಾರ, ಚಷ್ಮಾ ಹಾಕ್ಕೊಂಡ ಕೇಳ್ತಾರ."

"ಅಜ್ಜಿ, ಇದು ಹಂಗ ಅಲ್ರಿ..."

"ಒಂದು ಮೂಲ್ಯಾಗ ಕುಂದರ್ತಾರ, ಚೀಲದಂಗ. ನಿನಗೇನು ತ್ರಾಸ ಇಲ್ಲ." ಮರಿಯವ್ವ ಕುರ್ಚಿ ಹಾಕಿ ಗಂಡನನ್ನು ಕೂರಿಸಿ, ಸೆರಗು ಕೊಡವಿ, ಬಂದ ದಾರಿಯಲ್ಲೇ ಹೊರಟುಹೋದಳು.

ಹಾಲೇಶಪ್ಪ ಸುತ್ತ ನೋಡಿದ. "ತಂಗೀ, ನಾ ಇಲ್ಲಿಗೆ ಯಾಕ ಬಂದೇನಿ?"

"ನೆನಪು ಉಳ್ಯಾಕ್ರಿ ಅಜ್ಜಾ," ಅಂದ ಮಧು.

"ಹೌದೇನು. ಛಲೋ ಆತು." ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಕೇಳಿದ, "ತಂಗೀ, ನಾ ಇಲ್ಲಿಗೆ ಯಾಕ ಬಂದೇನಿ?"

ಮರಿಯವ್ವ ದಾರಿಯುದ್ದಕ್ಕೂ ಸುದ್ದಿ ಬಿತ್ತುತ್ತ ಹೋಗಿದ್ದಳು. ಎದುರಿನ ಗೋದಾಮಿನ ಅಬ್ದುಲರಜಾಕ ತನ್ನ ಮಗಳು ಬೇನಜೀರಳನ್ನು ಕರೆದುಕೊಂಡು ಬಂದ. "ಮೇಡಂ, ನಮ್ಮ ಹುಡುಗಿಗೂ ಒಂದು ಚೀಲದಷ್ಟು ಜಾಗಾ ಕೊಡ್ರಿ."

"ಅಬ್ಬಾ, ನಂದು ಫಿಸಿಕ್ಸು," ಅಂದಳು ಬೇನಜೀರ.

"ಥಂಡಿಗೇನು ಗೊತ್ತಾಗ್ತೈತೇನು, ಇದು ಫಿಸಿಕ್ಸು ಇದು ಕೆಮಿಸ್ಟ್ರಿ ಅಂತ? ಕುಂದರು."

ಆಮೇಲೆ ಬಂದವರನ್ನು ತಡೆಯುವುದು ಸುರೇಖಾಳಿಂದ ಆಗಲಿಲ್ಲ. ಮಗ್ಗಿ ಮರೆಯುವ ಮಕ್ಕಳು ಬಂದವು. ತಾನು ಹೇಳಿದ ಮಾತು ನೆನಪಿಡುವುದಿಲ್ಲವೆಂದು ಒಬ್ಬಾಕೆ ಸೊಸೆಯನ್ನೇ ಕೈಹಿಡಿದು ತಂದಳು. ಸೊಸೆ ಹೊರಗಿನ ಸೆಖೆಗಿಂತ ಇದೇ ವಾಸಿ ಎಂದು ಖುಷಿಯಿಂದಲೇ ಕೂತಳು. ಪ್ರತಿಯೊಬ್ಬರಿಗೂ ಬಾಗಿಲು ತೆರೆಯಿತು, ಪ್ರತಿಯೊಬ್ಬರ ಜೊತೆಗೂ ಮೇ ತಿಂಗಳು ಒಂದಿಷ್ಟು ಒಳಗೆ ಬಂತು. ಚಮನಸಾಬ ಗೋಡೆಯ ಮೀಟರನ್ನು ನೋಡುತ್ತ, ಮಗುವಿನ ಜ್ವರ ನೋಡುವ ತಾಯಿಯಂತೆ ಓಡಾಡತೊಡಗಿದ.

ಹಾಲೇಶಪ್ಪ ಎದ್ದ. ಮನೆಗೆ ಹೋಗಬೇಕೆಂದು ಕುರ್ಚಿ ಎತ್ತಿಕೊಂಡು ಬಾಗಿಲ ತನಕ ಬಂದ. ಅಲ್ಲಿಗೆ ಯಾಕೆ ಬಂದೆ ಎಂಬುದು ಮರೆತು, ಕುರ್ಚಿಯನ್ನು ಬಾಗಿಲ ಸಂದಿಯಲ್ಲೇ ಹಾಕಿ ಕೂತುಬಿಟ್ಟ. ಸರಿದು ಮುಚ್ಚಬೇಕಾದ ಬಾಗಿಲು ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ, ದೂಡಿದರೂ ಹೋಗಲಿಲ್ಲ. ಅಬ್ದುಲರಜಾಕ, ಚಮನಸಾಬ, ಸುರೇಖಾ ಎಲ್ಲರೂ ಸೇರಿ ಅದನ್ನು ಬಿಡಿಸುವಷ್ಟರಲ್ಲಿ ಒಳಗಿನ ಚಳಿಗಾಲ ಹೊರಗೆ ಹೋಗಿ, ಹೊರಗಿನ ಬೇಸಿಗೆ ಒಳಗೆ ಬಂದು ಕಾಲು ಚಾಚಿತ್ತು.

ಚಮನಸಾಬ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಎಳೆದ. ಸುರೇಖಾಳ ಹತ್ತಿರ ಬಂದು ದನಿ ಇಳಿಸಿದ. "ಮೇಡಂ, ಬಾಗಲಾ ಇಷ್ಟೊತ್ತು ತಗದಿತ್ತು ಅಂತ ಸಾವ್ಕಾರ್ರ ಕಿವಿಗೆ ಬಿದ್ರ ನನ್ನ ಕೆಲಸ ಹೋತು. ಮಷೀನು ಜೋರ್ ಇಟ್ಟೇನಿ. ಅವರು ಬರೂದ್ರಾಗ ಥಂಡಿ ಕೂಡ್ತೈತಿ. ಆವಾಗ ನಿಮ್ಮನ್ನ ಒಳಗ ಕುಂದರಿಸ್ತೇನಿ. ಅಲ್ಲಿತನ ಹೊರಗ ಇರ್ರಿ. ಯಾರಿಗೂ ಹೇಳಬ್ಯಾಡ್ರಿ."

"ಹೇಳೂದಿಲ್ಲ ಚಮನಸಾಬರ," ಅಂದಳು ಸುರೇಖಾ. ಒಂದೇ ವಾರದಲ್ಲಿ ಅವಳು ಕೊಟ್ಟ ಎರಡನೇ ಮಾತು ಅದು.

ಹೊರಗೆ ಕಣದ ತುಂಬ ಬಿಸಿಲು. ಮೂಲೆಯಲ್ಲಿ ಕಟ್ಟಿದ್ದ ತಾಡಪತ್ರಿಯ ಕೆಳಗೆ ಎಲ್ಲರೂ ಕೂತರು. ಮನೆಗೆ ಹೋಗಿರಿ ಎಂದರೂ ಯಾರೂ ಹೋಗಲಿಲ್ಲ. ಮೇಡಂ ಮುಂದೆ ಏನು ಮಾಡುತ್ತಾಳೆ ಎಂಬ ಕುತೂಹಲ. ಗಂಡ ಎಲ್ಲಿ ಹೋದನೆಂದು ಹುಡುಕುತ್ತ ಮರಿಯವ್ವನೂ ಬಂದು ಸೇರಿದಳು. ಮಧು ಕಂಬಳಿ ಕಿತ್ತೆಸೆದ.

"ಮೇಡಂ, ನಾ ಕೇಳಿದ್ದಕ್ಕ ನೀವು ಉತ್ತರ ಹೇಳಲಿಲ್ಲ," ಅಂದ.

"ಹೇಳೂದು ಬ್ಯಾಡ. ನೋಡೂಣು." ಸುರೇಖಾ ತೋಳು ಮಡಚಿದಳು. ರಸ್ತೆಯಾಚೆಯ ಚಾದಂಗಡಿಯಿಂದ ಎರಡು ಗ್ಲಾಸು, ಕುದಿಯುವ ನೀರು, ನಿಂಬೆಹಣ್ಣು, ಅಡಿಗೆ ಸೋಡಾ ತರಿಸಿದಳು. ಬೇನಜೀರಳ ನೀರಿನ ಬಾಟಲಿ ಒಳಗಿದ್ದು ಹಿಮದಂತೆ ತಣ್ಣಗಾಗಿತ್ತು. ಒಂದು ಗ್ಲಾಸಿಗೆ ಬಿಸಿನೀರು, ಒಂದಕ್ಕೆ ತಣ್ಣೀರು. ಎರಡಕ್ಕೂ ನಿಂಬೆರಸ ಹಿಂಡಿ, ಸೋಡಾ ಹಾಕಿದಳು.

ಬಿಸಿಯ ಗ್ಲಾಸು ಬುಸ್ಸೆಂದು ಉಕ್ಕಿ ಹಾಲೇಶಪ್ಪನ ಧೋತರದ ಮೇಲೆ ಚೆಲ್ಲಿತು. ತಣ್ಣನೆಯದು ಮುನಿಸಿಕೊಂಡ ಅಳಿಯನಂತೆ ಸಣ್ಣಗೆ ಗೊಣಗುತ್ತ ಕೂತಿತು.

ಮಧು ಎರಡೂ ಗ್ಲಾಸುಗಳ ಮುಂದೆ ಮೊಣಕಾಲೂರಿದ. "ಯಾಕ್ರಿ?"

ಸುರೇಖಾಳ ಕಣ್ಣಲ್ಲಿ ನೀರು ಬಂದಂತಾಯಿತು. ಘಾಟು ಇರಬೇಕು ಎಂದುಕೊಂಡಳು.

ಆಮೇಲೆ ಪಾಠ ತಾನೇ ಓಡಿತು. ನಿಂಬೆರಸ ಹೆಚ್ಚು ಹಾಕಿದರೆ ಏನಾಗುತ್ತದೆ? ಸೋಡಾ ಗಂಟು ಗಂಟಾಗಿ ಹಾಕಿದರೆ? ಮಧು ಹಾಕಿದ, ನೋಡಿದ, ಮತ್ತೆ ಹಾಕಿದ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಸಾಲುಗಳು ಒಂದೊಂದಾಗಿ ಅರ್ಥವನ್ನು ಬೆನ್ನಿಗೆ ಹೊತ್ತುಕೊಂಡು ಮರಳಿ ಬಂದವು.

"ಮೇಡಂ," ಅಂದ ಇದ್ದಕ್ಕಿದ್ದಂತೆ, "ಮುಂಜಾನೆ ಆ ಬಾಗಲಾ ದಾಟಿ ಒಳಗ ಬರಾಕ ಯಾರಿಗೂ ಧೈರ್ಯ ಇರಲಿಲ್ಲ. ಮರಿಯವ್ವಜ್ಜಿ ಬಂದು ಹಾದಿ ಸುಲಭ ಮಾಡಿದ್ರು, ಎಲ್ಲಾರೂ ಬಂದ್ರು. ಅವರು ಮಾತ್ರ ಇದ್ದಂಗ ಇದ್ರು. ಕ್ಯಾಟಲಿಸ್ಟ್ ಅಂದ್ರ ಅವರೇನ್ರಿ?"

ಮರಿಯವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. "ಏನಂದ ಅಂವ ನನಗ?"

"ಕ್ಯಾಟಲಿಸ್ಟ್ ಅಂದಾನ್ರಿ," ಅಂದಳು ಬೇನಜೀರ.

"ಒಳ್ಳೇದೋ, ಕೆಟ್ಟದ್ದೋ?"

"ಒಳ್ಳೇದ್ರಿ."

"ಹಂಗಾರ ಅನ್ಲಿ ಬಿಡು."

ಹೊತ್ತು ಇಳಿಯುವ ವೇಳೆಗೆ ರಸ್ತೆಯ ತಿರುವಿನಲ್ಲಿ ಮಲ್ಲೇಶಪ್ಪನ ಮೋಟರ್ ಸೈಕಲ್ಲು ಕಾಣಿಸಿತು. ಚಮನಸಾಬ ಓಡಿ ಬಂದು ಉಳಿದವರನ್ನು ಮನೆಗೆ ಅಟ್ಟಿ, ಇಬ್ಬರನ್ನೂ ಒಳಗೆ ಕರೆದ. ಮಧುವಿನ ಮೈಮೇಲೆ ಕಂಬಳಿ ಬಿತ್ತು, ಸುರೇಖಾಳ ಸ್ವೆಟರಿನ ತೋಳು ಮತ್ತೆ ಇಳಿಯಿತು. ಮಲ್ಲೇಶಪ್ಪ ಒಳಗೆ ಬಂದಾಗ ಇಬ್ಬರೂ ಚೀಲಗಳ ಮೇಲೆ ಮುಂಜಾನೆ ಬಿಟ್ಟುಹೋದ ಹಾಗೆಯೇ ಕೂತಿದ್ದರು. ಚಳಿ ಕೂಡಿತ್ತು.

"ಹೂಂ, ಹೇಳಪಾ," ಅಂದ ಮಲ್ಲೇಶಪ್ಪ, ಬಾಗಿಲ ಬಳಿ ನಿಂತು ಕಣ್ಣು ಮುಚ್ಚಿಕೊಂಡು.

ಮಧು ಹೇಳಿದ. ವೇಗ ಎಂದರೇನು ಎಂಬಲ್ಲಿಂದ ಹಿಡಿದು ಅರ್ಧಾಯುಷ್ಯದ ತನಕ ಬಂದ. ಎಲ್ಲಿಯೂ ತಡವರಿಸಲಿಲ್ಲ. ಕೇಳಿದ ಕಡೆ ಸೂತ್ರ ಹೇಳಿದ, ಕೇಳದ ಕಡೆ ಕಾರಣ ಹೇಳಿದ. ಕ್ಯಾಟಲಿಸ್ಟಿಗೆ ಬಂದಾಗ ಮಲ್ಲೇಶಪ್ಪ ಕಣ್ಣು ತೆರೆದ. ಸಂತೋಷಕ್ಕೆ ಅವನಿಗೆ ತಡೆಯಲಾಗಲಿಲ್ಲ.

"ಸಾಕು. ಹಿಡೀತು ನೋಡ್ರಿ ಥಂಡಿ," ಅಂದ. "ಎಂಥಾ ಮಾಲಿಗೆ ಎಂಥಾ ಬಣ್ಣ ಬಂತು. ಮೇಡಂ, ನಾ ಒಂದು ವಿಚಾರ ಮಾಡಾಕತ್ತೇನಿ. ಎಲ್ಲಾ ಈ ಥಂಡಿನ ಮಾಡೂದಾದ್ರ ಕಾಲೇಜಿನಾಗ ಕೆಮಿಸ್ಟ್ರಿಗೆ ಬ್ಯಾರೆ ಮೇಡಂ ಯಾಕ ಬೇಕು? ಹುಡುಗರನ್ನ ಪುಸ್ತಕ ಕೊಟ್ಟು ಇಲ್ಲೇ ಕುಂದರಿಸಿದ್ರ ಆತಲ್ಲ."

ಸುರೇಖಾಳ ಎದೆ ಆ ಕೋಣೆಗಿಂತ ತಣ್ಣಗಾಯಿತು. ಪಾಠ ಕಲಿತದ್ದು ಇಲ್ಲಿ ಅಲ್ಲ ಎಂಬ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಗಿಲ ಬಳಿ ಚಮನಸಾಬ ನಿಂತಿದ್ದ. ಅವನು ಅವಳ ಮುಖ ನೋಡುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡಳು. ಹಾವೇರಿಯಿಂದ ಏಲಕ್ಕಿಯ ವಾಸನೆ ಇಲ್ಲಿಯ ತನಕ ಬಂದ ಹಾಗಾಯಿತು.

"ಥಂಡಿ ಅಲ್ಲ ಅಪ್ಪಾ," ಅಂದ ಮಧು.

ಎಲ್ಲರೂ ಅವನ ಕಡೆ ತಿರುಗಿದರು.

"ಬಾಗಲಾ ಸಿಕ್ಕಿಬಿದ್ದು ಥಂಡಿ ಎಲ್ಲಾ ಹೋತು. ಆಮ್ಯಾಲೆ ನಾವು ಸಂಜೀತನಕ ಹೊರಗ ಕಣದಾಗ ಇದ್ವಿ. ನಾ ಕಲ್ತಿದ್ದೆಲ್ಲಾ ಬಿಸಲಾಗ. ಮೇಡಮ್ಮಾರು ಕಲಿಸಿದ್ರು."

ಚಮನಸಾಬ ಮೆಲ್ಲಗೆ ಒಂದು ಚೀಲದ ಮೇಲೆ ಕುಸಿದ. ಮಲ್ಲೇಶಪ್ಪ ಒಂದು ಚೀಲದ ಬಾಯಿ ಬಿಚ್ಚಿ ಮೆಣಸಿನಕಾಯಿ ತೆಗೆದ. ಮುರಿದು ನೋಡಿದ, ಮೂಸಿ ನೋಡಿದ. ಮಾಲು ಕೆಟ್ಟಿರಲಿಲ್ಲ. ಮತ್ತೊಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ಬೀಜ ಗಿಲಿಗಿಲಿ ಅಂದಿತು. ಅವನ ಮುಖದಲ್ಲಿ ಏನೋ ಬೆಳಗಿತು.

"ಮುಂಜಾನೆ ಥಂಡ್ಯಾಗ ಕುಂತಾಗ ತಲೀಗೆ ಹೋತೇನು?"

"ಇಲ್ಲ ಅಪ್ಪಾ."

"ಬಿಸಲಾಗ ಹೋತು."

"ಹೌದು."

"ಈಗ ಥಂಡ್ಯಾಗ ಬಂದು ಹೇಳಿದಿ. ಒಂದೂ ತಪ್ಪಲಿಲ್ಲ."

"ಇಲ್ಲ."

"ತಪ್ಪು ನಂದು," ಅಂದ ಮಲ್ಲೇಶಪ್ಪ. ಅಷ್ಟು ವಿನಯದಿಂದ ಅವನು ಮಾತಾಡಿದ್ದನ್ನು ಬ್ಯಾಡಗಿಯ ಪೇಟೆಯಲ್ಲಿ ಯಾರೂ ಕೇಳಿರಲಿಲ್ಲ. "ಇಷ್ಟು ವರ್ಷ ಮೆಣಸಿನಕಾಯಿ ದಲಾಲಿ ಮಾಡಿ ಹಸೀ ಮಾಲು ತಂದು ಸೀದಾ ಥಂಡ್ಯಾಗ ಇಟ್ನಲ್ಲ. ಕೊಳೀತೈತಿ. ಮೊದಲ ಬಿಸಲಾಗ ಛಲೋತ್ನಂಗ ಒಣಗಬೇಕು, ಆಮ್ಯಾಲೆ ಥಂಡ್ಯಾಗ ಇಡಬೇಕು. ಎರಡೂ ಬೇಕು. ಬಾಗಲಾ ಸಿಕ್ಕಿಬಿದ್ದದ್ದು ದೇವರ ಮಾಡಿಸಿದ್ದು. ಏಳ ಚಮನಸಾಬ, ಯಾಕ ಹಂಗ ಕುಂತಿ?"

ಸುರೇಖಾ ಎದ್ದು ನಿಂತಳು. "ಸಾವ್ಕಾರ್ರ, ಅದು ಬಿಸಲಿಂದನೂ ಅಲ್ಲ, ಥಂಡಿಯಿಂದನೂ ಅಲ್ರಿ. ಹುಡುಗ ಯಾಕ ಅಂತ ಕೇಳಿದ. ಅದಕ್ಕ ಬಂತು."

"ಕೇಳ್ತಾನ್ರಿ. ಒಣಗಿದ ಮ್ಯಾಲೆ ಒಳಗಿಂದ ಸಪ್ಪಳ ಬರ್ತೈತಿ," ಅಂದ ಮಲ್ಲೇಶಪ್ಪ, ಮೆಣಸಿನಕಾಯಿಯನ್ನು ಅವಳ ಕಿವಿಯ ಹತ್ತಿರವೂ ಅಲ್ಲಾಡಿಸಿ ತೋರಿಸುತ್ತ. "ಕೊಟ್ಟ ಮಾತು ತಪ್ಪಾಂವ ಅಲ್ಲ ನಾನು. ನಿಮ್ಮ ನೌಕರಿ ಖಾಯಂ. ಜೂನಿಂದ ಸೈನ್ಸ್ ಹುಡುಗರದು ಎಲ್ಲಾ ಕ್ಲಾಸು ಇಲ್ಲೇ. ಮುಂಜಾನೆ ಕಣದಾಗ, ಮಧ್ಯಾಹ್ನ ಇದರೊಳಗ. ಎರಡೂ ಕಡೆ ನೀವ. ಈ ಕಲಾ ನಿಮ್ಮನ್ನ ಬಿಟ್ರ ಯಾರಿಗೂ ಗೊತ್ತಿಲ್ಲ."

"ಜೂನಿನಾಗ ಮಳಿ ಬರ್ತೈತಲ್ರಿ," ಅಂದಳು ಸುರೇಖಾ, ಮುಳುಗುವವಳು ಹುಲ್ಲಿಗೆ ಕೈಚಾಚಿದಂತೆ.

"ತಾಡಪತ್ರಿ ಐತಿ."

"ಇಷ್ಟು ಥಂಡ್ಯಾಗ ದಿನಾ..."

"ಆ ಸ್ವೆಟರ್ ನಿಮ್ಮದ ಇನ್ನ. ನಮ್ಮ ಅಪ್ಪಾರ ಆಶೀರ್ವಾದ ಅಂತ ತಿಳೀರಿ." ಮಲ್ಲೇಶಪ್ಪ ಚಮನಸಾಬನ ಹೆಗಲಿನ ಮೇಲೆ ಕೈಹಾಕಿದ. "ನೀ ಹಾಜರಿ ತಗೋಬೇಕು."

ಈಗಷ್ಟೇ ಸಾವಿನಿಂದ ಎದ್ದು ಬಂದವನಂತಿದ್ದ ಚಮನಸಾಬ, "ಆತ್ರೀ ಸಾವ್ಕಾರ್ರ. ಆದ್ರ ಬಾಗಲಾ ಒಮ್ಮೆ ಹಾಕಿದ್ರ ಕ್ಲಾಸು ಮುಗೀತನಕ ಯಾರಿಗೂ ತಗ್ಯಾಂವಲ್ಲ ನೋಡ್ರಿ. ಮೇಡಮ್ಮಾರಿಗೂ," ಅಂದ.

ಸುರೇಖಾ ಮತ್ತೆ ಚೀಲದ ಮೇಲೆ ಕೂತಳು. ಬೇಡಿದ್ದು ಸಿಕ್ಕಿತ್ತು. ಮಧು ಅವಳ ಮುಖವನ್ನೇ ನೋಡುತ್ತಿದ್ದ.

"ಮೇಡಂ, ಇನ್ನೊಂದು ಉಳದೈತ್ರಿ," ಅಂದ ಸಣ್ಣ ದನಿಯಲ್ಲಿ. "ಕಡೀದು. ಅಪ್ಪ ನಡುವ ನಿಲ್ಲಿಸಿದ್ರು."

"ಹೇಳಿಬಿಡು," ಅಂದಳು ಸುರೇಖಾ. "ಮಾತು ಕೊಟ್ಟೇನಿ."

ಮಧು ಕಂಬಳಿ ಸರಿಮಾಡಿಕೊಂಡು ನೆಟ್ಟಗೆ ನಿಂತ.

"ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೀತಾವ. ಆದ್ರ ಡಿಕ್ಕಿ ಹೊಡದದ್ದೆಲ್ಲಾ ಕ್ರಿಯಾ ಆಗೂದಿಲ್ಲ. ಸಾಕಷ್ಟು ಶಕ್ತಿ ಇರಬೇಕು, ಸರಿಯಾದ ದಿಕ್ಕಿನಿಂದ ಬಡೀಬೇಕು. ಇಲ್ಲಾಂದ್ರ ಎಷ್ಟು ಜೋರ್ ಬಡದ್ರೂ ಅವು ಹೆಂಗ ಬಂದಿದ್ವೋ ಹಂಗ ಹೊಳ್ಳಿ ಹೋಗ್ತಾವ."

"ಸರಿ ಐತಿ," ಅಂದಳು ಸುರೇಖಾ, ಮೆಣಸಿನಕಾಯಿ ಅಲ್ಲಾಡಿಸುತ್ತಿದ್ದ ಮಲ್ಲೇಶಪ್ಪನ ಕಡೆ ನೋಡುತ್ತ. "ಪಾಠ ಮುಗೀತು."